ಜಪಾನಿನ ಆವಿಷ್ಕಾರಗಳು ಮತ್ತು ನಿತ್ಯಜೀವನ

ಜಪಾನಿನ ಆವಿಷ್ಕಾರಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದೀಚೆಗೆ ಅಡುಗೆಮನೆ, ರಸ್ತೆ, ರೈಲು ಹಾಗೂ ಅಂಗಡಿಗಳಲ್ಲಿ ಜನರ ದಿನಚರಿಯನ್ನು ಗಣನೀಯವಾಗಿ ಬದಲಿಸಿವೆ. ಇವುಗಳಲ್ಲಿ ಅನೇಕವು ಹೊಸ ವೈಜ್ಞಾನಿಕ ತತ್ತ್ವದ ಶೋಧನೆಗಳಲ್ಲ. ಮೊದಲೇ ತಿಳಿದಿದ್ದ ತತ್ತ್ವವನ್ನು ಸಾಮಾನ್ಯರ ಯಾವುದಾದರೊಂದು ತೊಂದರೆಯ ಪರಿಹಾರಕ್ಕೆ ಅಳವಡಿಸಿದ ಸಾಧನಗಳು.

ಹಿನ್ನೆಲೆ

1868ರಲ್ಲಿ ಆರಂಭವಾದ ಮೇಜಿ ಆಳ್ವಿಕೆಯ ಕಾಲದಲ್ಲಿ ಜಪಾನ್ ಪಾಶ್ಚಾತ್ಯ ತಂತ್ರಜ್ಞಾನವನ್ನು ವೇಗವಾಗಿ ಕಲಿಯತೊಡಗಿತು. 1885ರಲ್ಲಿ ಪೇಟೆಂಟ್ ಕಾನೂನು ಜಾರಿಗೆ ಬಂದಿತು. ಬಡಗಿಯ ಮಗನಾದ ಟೊಯೋಡಾ ಸಕಿಚಿ 1891ರಲ್ಲಿ ಸುಧಾರಿತ ಮರದ ಕೈಮಗ್ಗಕ್ಕೆ ಪೇಟೆಂಟ್ ಪಡೆದರು. ಮುಂದೆ 1924ರಲ್ಲಿ ಅವರು ಸಿದ್ಧಪಡಿಸಿದ ಸ್ವಯಂಚಾಲಿತ ಮಗ್ಗವು ನೂಲು ಹರಿದರೆ ತಾನಾಗಿಯೇ ನಿಲ್ಲುತ್ತಿತ್ತು. ಇದರಿಂದ ಬಟ್ಟೆ ಕೆಡುವುದು ತಪ್ಪಿತು. ಒಬ್ಬರೇ ಹಲವು ಮಗ್ಗಗಳನ್ನು ನೋಡಿಕೊಳ್ಳುವುದು ಸಾಧ್ಯವಾಯಿತು.

ಆಹಾರ ಮತ್ತು ಅಡುಗೆ

ಟೋಕಿಯೋ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಇಕೆದಾ ಕಿಕುನಾಯೆ 1908ರಲ್ಲಿ ಕೊಂಬು ಎಂಬ ಕಡಲಕಳೆಯ ಸಾರಿನ ವಿಶಿಷ್ಟ ರುಚಿಗೆ ಗ್ಲುಟಮೇಟ್ ಕಾರಣವೆಂದು ಕಂಡುಹಿಡಿದು, ಆ ರುಚಿಯನ್ನು ‘ಉಮಾಮಿ’ ಎಂದು ಕರೆದರು. ಇದರಿಂದ ತಯಾರಾದ ಪುಡಿ ಮರುವರ್ಷ ‘ಅಜಿನೊಮೊಟೊ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿತು. ಕರ್ನಾಟಕದ ಅಂಗಡಿಗಳಲ್ಲಿ ಇದು ಟೇಸ್ಟಿಂಗ್ ಪೌಡರ್ ಎಂದು ಪರಿಚಿತವಾಗಿದೆ.

ಅನ್ನವೇ ಮುಖ್ಯ ಆಹಾರವಾದ ಜಪಾನಿನಲ್ಲಿ ಗೃಹಿಣಿಯರು ನಸುಕಿನಲ್ಲೇ ಎದ್ದು ಒಲೆ ಹೊತ್ತಿಸಿ, ಉರಿಯನ್ನು ಹೆಚ್ಚುಕಡಿಮೆ ಮಾಡುತ್ತಾ ಪಾತ್ರೆಯ ಬಳಿಯೇ ಇರಬೇಕಾಗುತ್ತಿತ್ತು. ತೊಶಿಬಾ ಕಂಪನಿಯು 1955ರಲ್ಲಿ ಹೊರತಂದ ಸ್ವಯಂಚಾಲಿತ ರೈಸ್ ಕುಕ್ಕರ್ ಈ ಕಾಯುವಿಕೆಯನ್ನು ಕೊನೆಗೊಳಿಸಿತು. ಅದರಲ್ಲಿ ಒಂದರೊಳಗೊಂದು ಎರಡು ಪಾತ್ರೆಗಳಿದ್ದವು. ಹೊರಪಾತ್ರೆಯ ನೀರು ಇಂಗುವವರೆಗೆ ಉಷ್ಣತೆ ಸುಮಾರು 100 ಡಿಗ್ರಿಯಲ್ಲಿ ನಿಲ್ಲುತ್ತಿತ್ತು. ನೀರು ಮುಗಿದೊಡನೆ ಉಷ್ಣತೆ ಏರಿ, ಎರಡು ಲೋಹಗಳ ಪಟ್ಟಿ ಬಾಗಿ, ವಿದ್ಯುತ್ ಕಡಿತಗೊಳ್ಳುತ್ತಿತ್ತು. ಈ ವಿಧಾನವನ್ನು ರೂಪಿಸಿದವರು ಮಿನಾಮಿ ಯೋಶಿತಾದ. ಬೇರೆಬೇರೆ ಪರಿಸ್ಥಿತಿಗಳಲ್ಲಿ ಮತ್ತೆ ಮತ್ತೆ ಅನ್ನ ಬೇಯಿಸಿ ಪರೀಕ್ಷಿಸಿದವರು ಅವರ ಪತ್ನಿ ಫುಮಿಕೊ.

ಎರಡನೆಯ ಮಹಾಯುದ್ಧಾನಂತರದ ಆಹಾರದ ಕೊರತೆಯನ್ನು ಕಂಡಿದ್ದ ಆಂದೊ ಮೊಮೊಫುಕು 1958ರಲ್ಲಿ ದಿಢೀರ್ ನೂಡಲ್ಸ್ ತಯಾರಿಸಿದರು. ಬೇಯಿಸಿದ ನೂಡಲ್ಸನ್ನು ಎಣ್ಣೆಯಲ್ಲಿ ಕರಿದಾಗ ಅದರ ನೀರಿನಂಶ ಹೋಗಿ ಸಣ್ಣ ರಂಧ್ರಗಳು ಉಳಿಯುತ್ತವೆ. ಬಿಸಿನೀರು ಆ ರಂಧ್ರಗಳೊಳಗೆ ಹೊಕ್ಕು ಅದನ್ನು ಬೇಗ ಮೆದುವಾಗಿಸುತ್ತದೆ. ಈ ಆಹಾರ ಅಗ್ಗವಾಗಿದ್ದು ಬಹುಕಾಲ ಕೆಡದೆ ಉಳಿಯುತ್ತದೆ. ಆದರೆ ಇದರಲ್ಲಿ ಉಪ್ಪಿನ ಪ್ರಮಾಣ ಅಧಿಕವಾಗಿರುವುದು ಆರೋಗ್ಯದ ದೃಷ್ಟಿಯಿಂದ ಟೀಕೆಗೆ ಒಳಗಾಗಿದೆ.

ಸಂಚಾರ

1964ರ ಅಕ್ಟೋಬರ್ 1ರಂದು ಟೋಕಿಯೋ ಮತ್ತು ಒಸಾಕಾ ನಡುವೆ ಶಿಂಕಾನ್‌ಸೆನ್ ಅತಿವೇಗದ ರೈಲು ಆರಂಭವಾಯಿತು. ಗಂಟೆಗೆ 210 ಕಿ.ಮೀ. ಗರಿಷ್ಠ ವೇಗದ ಈ ರೈಲು ಆರೂವರೆ ಗಂಟೆಗಳ ಪ್ರಯಾಣವನ್ನು ಮೊದಲು ನಾಲ್ಕು ಗಂಟೆಗೆ ಇಳಿಸಿತು.

ಅಷ್ಟು ಪ್ರಸಿದ್ಧವಲ್ಲದಿದ್ದರೂ ಅಷ್ಟೇ ಮಹತ್ತ್ವದ ಆವಿಷ್ಕಾರವೆಂದರೆ ದೃಷ್ಟಿಹೀನರಿಗೆ ದಾರಿ ತೋರುವ ಉಬ್ಬುಹಾಸು. ದೃಷ್ಟಿ ಕಳೆದುಕೊಳ್ಳುತ್ತಿದ್ದ ಸ್ನೇಹಿತನಿಗೆ ನೆರವಾಗಲೆಂದು ಮಿಯಾಕೆ ಸೇಯಿಚಿ 1965ರಲ್ಲಿ ಇದನ್ನು ರೂಪಿಸಿದರು. 1967ರ ಮಾರ್ಚ್ 18ರಂದು ಒಕಾಯಾಮಾ ನಗರದ ಅಂಧರ ಶಾಲೆಯ ಸಮೀಪದ ರಸ್ತೆಯಲ್ಲಿ ಮೊದಲ ಬಾರಿಗೆ ಅಳವಡಿಸಲಾಯಿತು. ಈಗಿನ ಹಾಸುಗಳಲ್ಲಿ ಉದ್ದನೆಯ ಗೆರೆಗಳು ಮುಂದೆ ಸಾಗಲು, ಗುಂಡನೆಯ ಉಬ್ಬುಗಳು ನಿಂತು ಎಚ್ಚರ ವಹಿಸಲು ಸೂಚನೆ. ಬೆಂಗಳೂರಿನ ‘ನಮ್ಮ ಮೆಟ್ರೋ’ ನಿಲ್ದಾಣಗಳಲ್ಲಿಯೂ ಇವುಗಳನ್ನು ಕಾಣಬಹುದು. ಹಾಸಿನ ಮೇಲೆ ವಾಹನ ನಿಲ್ಲಿಸಿದರೆ ಅಥವಾ ಸಾಮಾನು ಇರಿಸಿದರೆ ಅದರ ಉದ್ದೇಶವೇ ವಿಫಲವಾಗುತ್ತದೆ.

ಗಡಿಯಾರ

ಎಚ್‌ಎಂಟಿ ಸಂಸ್ಥೆಯು 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರಗಳ ತಯಾರಿಕೆಯನ್ನು ಆರಂಭಿಸಿದ್ದು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ. ಅವು ಕೀಲಿ ಕೊಡುವ ಗಡಿಯಾರಗಳಾಗಿದ್ದವು. 1969ರ ಡಿಸೆಂಬರ್ 25ರಂದು ಸೀಕೊ ಕಂಪನಿಯ ‘ಆಸ್ಟ್ರಾನ್’ ಮಾರಾಟಕ್ಕೆ ಬಂದಿತು. ಇದು ಮಾರುಕಟ್ಟೆಗೆ ಬಂದ ಮೊದಲ ಕ್ವಾರ್ಟ್ಜ್ ಕೈಗಡಿಯಾರ. ಸ್ಫಟಿಕದ ನಿಯತ ಕಂಪನವನ್ನು ಆಧರಿಸಿದ ಈ ವಿಧಾನ ಕ್ರಮೇಣ ಅಗ್ಗವಾದಂತೆ ನಿಖರವಾದ ಸಮಯ ಎಲ್ಲರಿಗೂ ಎಟುಕಿತು. ಆದರೆ ಸ್ವಿಟ್ಜರ್ಲೆಂಡಿನ ಸಾಂಪ್ರದಾಯಿಕ ಗಡಿಯಾರ ಉದ್ಯಮ ಕುಸಿದು, ಸಾವಿರಾರು ಕುಶಲಕರ್ಮಿಗಳು ಕೆಲಸ ಕಳೆದುಕೊಂಡರು.

ಕ್ಯೂಆರ್ ಕೋಡ್

ಡೆನ್ಸೊ ಕಂಪನಿಯ ಹಾರಾ ಮಸಾಹಿರೊ ಮತ್ತು ಸಂಗಡಿಗರು ವಾಹನಗಳ ಬಿಡಿಭಾಗಗಳ ಲೆಕ್ಕವಿಡಲು 1994ರಲ್ಲಿ ಕ್ಯೂಆರ್ ಕೋಡನ್ನು ರೂಪಿಸಿದರು. ಗೆರೆಗಳ ಬಾರ್‌ಕೋಡಿನಲ್ಲಿ ಸುಮಾರು 20 ಅಕ್ಷರಗಳಷ್ಟೇ ಹಿಡಿಸುತ್ತಿದ್ದರೆ, ಇದರಲ್ಲಿ 7,089 ಅಂಕಿಗಳವರೆಗೆ ಅಡಕಗೊಳಿಸಬಹುದು. ಮೂರು ಮೂಲೆಗಳಲ್ಲಿರುವ ಚೌಕಗಳಿಂದ ಯಂತ್ರವು ಸಂಕೇತದ ದಿಕ್ಕನ್ನು ಗುರುತಿಸುತ್ತದೆ. ಸ್ವಲ್ಪ ಭಾಗ ಮಾಸಿದರೂ ಮಾಹಿತಿ ದೊರೆಯುತ್ತದೆ. ಭಾರತದಲ್ಲಿ 2016ರಲ್ಲಿ ಯುಪಿಐ ಆರಂಭವಾದ ನಂತರ ತರಕಾರಿಯ ತಳ್ಳುಗಾಡಿಯವರೆಗೂ ಇದು ಹಬ್ಬಿದೆ.

ಹಕ್ಕು ಮತ್ತು ಪ್ರತಿಫಲ

ಆವಿಷ್ಕಾರದ ಫಲ ಯಾರಿಗೆ ಸೇರಬೇಕೆಂಬ ಪ್ರಶ್ನೆಗೆ ಜಪಾನಿನಲ್ಲಿ ಭಿನ್ನ ಉತ್ತರಗಳು ದೊರೆತಿವೆ. ಕ್ಯೂಆರ್ ಕೋಡಿನ ಪೇಟೆಂಟ್ ಹೊಂದಿದ್ದ ಕಂಪನಿಯು ನಿಗದಿತ ಮಾನದಂಡಕ್ಕೆ ಅನುಗುಣವಾದ ಬಳಕೆಯ ಮೇಲೆ ತನ್ನ ಹಕ್ಕನ್ನು ಚಲಾಯಿಸಲಿಲ್ಲ. ಅದು ಲೋಕವ್ಯಾಪಿಯಾಗಲು ಇದು ಮುಖ್ಯ ಕಾರಣ. ಇದಕ್ಕೆ ವ್ಯತಿರಿಕ್ತವಾಗಿ, ಇಂದಿನ ಎಲ್‌ಇಡಿ ಬಲ್ಬುಗಳಿಗೆ ಆಧಾರವಾದ ನೀಲಿ ಎಲ್‌ಇಡಿಯ ಪ್ರತಿಫಲ ನ್ಯಾಯಾಲಯದ ಮೆಟ್ಟಿಲೇರಿತು. ಇದನ್ನು ಅಭಿವೃದ್ಧಿಪಡಿಸಿದವರಲ್ಲಿ ಒಬ್ಬರಾದ ನಾಕಾಮುರಾ ಶೂಜಿ ತಾವು ಕೆಲಸ ಮಾಡಿದ್ದ ನಿಚಿಯಾ ಕಂಪನಿಯ ವಿರುದ್ಧ ಹೂಡಿದ ದಾವೆ 2005ರಲ್ಲಿ ಸುಮಾರು 84 ಕೋಟಿ ಯೆನ್ ಪರಿಹಾರದ ರಾಜಿಯಲ್ಲಿ ಮುಗಿಯಿತು. 2014ರಲ್ಲಿ ನಾಕಾಮುರಾ, ಅಕಾಸಾಕಿ ಇಸಾಮು ಮತ್ತು ಅಮಾನೊ ಹಿರೋಶಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು.