ಕಲ್ಯಾಣದ ಬಾಗಿಲಿಗೆ ಬಂದ ಹೊಸಬರು

ನಾಲ್ಕು ಮಂದಿ ಕೂಡುವ ಯಾವ ಜಾಗಕ್ಕಾದರೂ ಒಂದು ರೀತಿ-ರಿವಾಜು ಇದ್ದೇ ಇರ್ತದ. ಭಜನಿಗೆ ಹೊಸಬ ಬಂದ ಅಂದ್ರ ಮೊದಲ ದಿನ ಅವನ ಕೈಯಾಗ ತಾಳ ಕೊಡ್ತಾರ, ಪದ ಎತ್ತಲಿಕ್ಕೆ ಬಿಡೂದಿಲ್ಲ. ತಾಲೀಮಿಗೆ ಹೋದ ಹುಡುಗ ಕುಸ್ತಿ ಹಿಡಿಯೂದಕ್ಕಿಂತ ಮೊದಲು ಮಣ್ಣು ಹದ ಮಾಡೂದು ಕಲೀಬೇಕು. ಇದರಾಗ ತಪ್ಪೇನಿಲ್ಲ. ರೀತಿ ಇಲ್ಲದ ಕೂಟ ಸಂತಿಯಾಗ್ತದ, ಯಾರ ಮಾತು ಯಾರಿಗೂ ಕೇಳಿಸೂದಿಲ್ಲ. ಆದರ ಆ ರೀತಿಯನ್ನು ಹೊಸಬನಿಗೆ ಹೇಳುವವರು ಯಾರು, ಹೆಂಗ ಹೇಳಬೇಕು, ಬಂದವನು ಕೂತವರಿಗಿಂತ ಹೆಚ್ಚು ತಿಳಿದವನಾಗಿದ್ದರ ಏನು ಮಾಡಬೇಕು ಎಂಬ ಪ್ರಶ್ನೆಗಳು ಉಳೀತಾವ.

ಈ ಪ್ರಶ್ನೆಗಳು ನಮ್ಮ ವಾಚನಾಲಯದ ಒಳಗೂ ಈಗ ಎದ್ದಿವೆ. ವಾರಕ್ಕೊಮ್ಮೆ ನಡೆಯುವ ವಚನದ ಓದಿಗೆ ಇತ್ತೀಚೆಗೆ ಹೊಸ ಹುಡುಗರು, ಹುಡುಗಿಯರು ಬರುತ್ತಿದ್ದಾರೆ. ಮನೆಯೊಳಗ ಕನ್ನಡ, ಸಾಳಿಯೊಳಗ ಮರಾಠಿ. ಕೆಲವರು ವಚನವನ್ನು ದೇವನಾಗರಿ ಅಕ್ಷರದಲ್ಲಿ ಬರಕೊಂಡು ಬಂದು ಓದುತ್ತಾರೆ. ಅವರ ನಾಲಿಗೆ ಅಲ್ಲಲ್ಲಿ ತಡವರಿಸುತ್ತದೆ. ಕನ್ನಡ ಅಕ್ಷರ ಬಾರದವರು ಮುಂದೆ ಬಂದು ಓದಬಾರದು, ಹಿಂದೆ ಕೂತು ಕೇಳಲಿ ಎಂದು ಒಂದು ನಿಯಮ ಮಾಡಬೇಕೆನ್ನುವ ಹಿರಿಯರಿದ್ದಾರೆ. ಅವರ ಕಾಳಜಿ ಸುಳ್ಳಲ್ಲ. ಗಡಿಯಲ್ಲಿ ಅಕ್ಷರ ಹೋದರೆ ಭಾಷೆಯೂ ಹೋಗುತ್ತದೆ ಎಂಬ ಹೆದರಿಕೆ ಅದು. ನಾನು ಇತಿಹಾಸ ಕಲಿಸುವ ಮಾಸ್ತರ. ನಿಯಮ ಮಾಡುವ ಮೊದಲು, ನಾವು ಓದುತ್ತಿರುವ ಆ ವಚನಗಳನ್ನು ಆಡಿದವರು ತಮ್ಮ ಕೂಟಕ್ಕೆ ಬಂದ ಹೊಸಬರನ್ನು ಹೇಗೆ ನಡೆಸಿಕೊಂಡರು ಎಂದು ನೋಡುವುದು ಒಳ್ಳೆಯದು ಅಂತ ನನಗೆ ಅನಿಸಿತು.

ಕಲ್ಯಾಣ ನಮಗೆ ದೂರದ ಊರಲ್ಲ. ಸೋಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಉಮರಗಾ ದಾಟಿ ಗಡಿ ಹಾಯ್ದರೆ ಬಸವಕಲ್ಯಾಣದ ದಾರಿ ಬರುತ್ತದೆ. ಈ ಗಡಿಯೂ ಹಳೆಯದಲ್ಲ. 1956ರವರೆಗೆ ನಿಲಂಗಾ, ಉದಗೀರ ತಾಲೂಕುಗಳು ಬೀದರ ಜಿಲ್ಲೆಯಲ್ಲೇ ಇದ್ದವು. 11ನೇ ಶತಮಾನದಲ್ಲಿ ಚಾಲುಕ್ಯರ ಒಂದನೇ ಸೋಮೇಶ್ವರ ಕಲ್ಯಾಣವನ್ನು ರಾಜಧಾನಿ ಮಾಡಿಕೊಂಡ. 12ನೇ ಶತಮಾನದ ನಡುವೆ ಕಲಚುರಿ ಬಿಜ್ಜಳ ಅಧಿಕಾರ ಹಿಡಿದ. ಅವನ ಭಂಡಾರಿಯಾಗಿದ್ದ ಬಸವಣ್ಣನವರ ಮಹಾಮನೆಗೆ ನಾನಾ ಕಡೆಯ ಮಂದಿ ಬರತೊಡಗಿದರು. ಬಟ್ಟೆ ಒಗೆಯುವವರು, ಹಗ್ಗ ಹೊಸೆಯುವವರು, ದೋಣಿ ನಡೆಸುವವರು, ಅಕ್ಕಿ ಆಯುವವರು, ಕಟ್ಟಿಗೆ ಮಾರುವವರು. ಕಟ್ಟಿಗೆ ಮಾರುತ್ತಿದ್ದ ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಕಡೆಯಿಂದ ಬಂದವರು ಎಂದು ಪರಂಪರೆ ಹೇಳುತ್ತದೆ.

ಇಷ್ಟು ಬಗೆಯ ಜನ ಒಂದೆಡೆ ಕೂಡಿದಾಗ ರೀತಿ ಬೇಕೇ ಬೇಕು. ಮುಖ್ಯವಾದ ಎರಡು ರೀತಿಗಳನ್ನು ಅವರ ವಚನಗಳಿಂದಲೇ ತಿಳಿಯಬಹುದು. ಒಂದು, ದುಡಿದು ತಿನ್ನಬೇಕು. ಕಾಯಕ ಯಾರಿಗೂ ತಪ್ಪಿದ್ದಲ್ಲ. ಎರಡು, ಆಡಿದ ಮಾತಿಗೆ ಗುರುತು ಇರಬೇಕು. ವಚನದಲ್ಲಿ ಅಂಕಿತ ಬರುತ್ತದೆ. ಬಸವಣ್ಣನವರದು ಕೂಡಲಸಂಗಮದೇವ, ಅಲ್ಲಮಪ್ರಭುಗಳದು ಗುಹೇಶ್ವರ, ಅಕ್ಕನದು ಚೆನ್ನಮಲ್ಲಿಕಾರ್ಜುನ. ಮಾತು ಒಗೆದು ಓಡಿಹೋಗುವಂತಿಲ್ಲ; ಆಡಿದವರು ಅದಕ್ಕೆ ಹೊಣೆ. ಆದರೆ ಇಂಥ ಭಾಷೆಯಲ್ಲೇ ಆಡಬೇಕು, ಇಂಥ ಛಂದಸ್ಸು ಗೊತ್ತಿರಬೇಕು ಎಂಬ ಷರತ್ತು ಇರಲಿಲ್ಲ. ಅವರವರ ಕಸುಬಿನ ಮಾತೇ ವಚನಕ್ಕೆ ಬಂತು. ಮೂವತ್ತಕ್ಕೂ ಹೆಚ್ಚು ಶರಣೆಯರು ವಚನ ಬರೆದದ್ದು ಇದೇ ಕಾರಣಕ್ಕೆ ಸಾಧ್ಯವಾಯಿತು.

ಹೊಸಬರು ಬಂದಾಗ ಏನಾಯಿತು ಎಂಬುದನ್ನು ವಿಸ್ತಾರವಾಗಿ ಹೇಳುವ ಗ್ರಂಥ ಶೂನ್ಯಸಂಪಾದನೆ. ಇಲ್ಲಿ ಒಂದು ಮಾತು ಸ್ಪಷ್ಟ ಹೇಳಬೇಕು. ಇದು ಕಲ್ಯಾಣದಲ್ಲಿ ಕೂತು ಬರೆದ ವರದಿಯಲ್ಲ. ಶರಣರ ಕಾಲವಾಗಿ ಇನ್ನೂರು ವರ್ಷದ ಮೇಲೆ, ವಿಜಯನಗರದ ಕಾಲದಲ್ಲಿ, ಶಿವಗಣಪ್ರಸಾದಿ ಮಹದೇವಯ್ಯನವರು ಬಿಡಿಬಿಡಿ ವಚನಗಳನ್ನು ಸಂವಾದದ ರೂಪದಲ್ಲಿ ಜೋಡಿಸಿದರು. ಅವರ ನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣ ಹೀಗೆ ಮತ್ತೆ ಮೂವರು ಅದನ್ನು ತಿದ್ದಿ ಬೆಳೆಸಿದರು. ಹಾಗಾಗಿ ಇದರೊಳಗಿನ ಪ್ರಸಂಗಗಳನ್ನು, ಶರಣರ ಕೂಟ ಹೇಗಿರಬೇಕಿತ್ತು ಎಂದು ಆಮೇಲಿನ ಶರಣರು ನೆನೆಸಿಕೊಂಡ ರೀತಿ ಎಂದು ತಿಳಿದು ಓದಬೇಕು. ನಮ್ಮ ಕೆಲಸಕ್ಕೆ ಅಷ್ಟು ಸಾಕು.

ಮೊದಲನೆಯದು ಎಲ್ಲರಿಗೂ ಗೊತ್ತಿರುವ ಅಕ್ಕನ ಪ್ರಸಂಗ. ಉಡುತಡಿಯಿಂದ, ಕೌಶಿಕನ ಮನೆ ಬಿಟ್ಟು, ಕೂದಲನ್ನೇ ಮೈಗೆ ಮರೆಮಾಡಿಕೊಂಡು ಬಂದ ಹರೆಯದ ಹೆಣ್ಣುಮಗಳು. ಅಲ್ಲಮಪ್ರಭುಗಳು ಅವಳನ್ನು ಸುಮ್ಮನೆ ಒಳಗೆ ಕರೆಯಲಿಲ್ಲ. ನಿನ್ನ ಗಂಡ ಯಾರು ಅಂತ ಕೇಳಿದರು. ಸೀರೆ ಬಿಟ್ಟವಳು ಕೂದಲಿನಿಂದ ಯಾಕೆ ಮುಚ್ಚಿಕೊಂಡೆ ಅಂತ ಕೇಳಿದರು. ಇವತ್ತಿನ ಕಿವಿಗೆ ಈ ಪ್ರಶ್ನೆಗಳು ಒರಟು ಎನಿಸುತ್ತವೆ. ನಮ್ಮ ಹೆಣ್ಣುಮಕ್ಕಳು ಇದನ್ನು ಓದಿ ಸಿಟ್ಟಾದರೆ ನಾನು ತಪ್ಪು ಅನ್ನೂದಿಲ್ಲ. ಆದರೆ ಅಲ್ಲಿ ನಡೆದದ್ದರ ಬಗೆ ನೋಡ್ರಿ. ಪ್ರಶ್ನೆ ಕೇಳಿದ್ದು ತುಂಬಿದ ಸಭೆಯಲ್ಲಿ, ಎಲ್ಲರ ಎದುರು. ಹಿಂದೆ ನಿಂತು ಪಿಸುಗುಟ್ಟಲಿಲ್ಲ. ಅವಳು ಉತ್ತರ ಕೊಡುವವರೆಗೆ ಕಾದರು. ಅವಳ ಉತ್ತರ ಸರಿ ಎನಿಸಿದಾಗ ಕೇಳಿದವರೇ ತಲೆಬಾಗಿದರು. ಬಸವಣ್ಣ, ಚೆನ್ನಬಸವಣ್ಣ ಎಲ್ಲರೂ ಅವಳ ಮಾತಿಗೆ ಸಾಕ್ಷಿಯಾದರು. ಆ ಎಳೆಯ ಹುಡುಗಿ ಅಷ್ಟೂ ಮಂದಿಗೆ ಅಕ್ಕ ಆದಳು. ಪರೀಕ್ಷೆ ಕಠಿಣ ಇತ್ತು, ಆದರೆ ಪಾಸಾದ ಮೇಲೆ ಅವಳನ್ನು ಹಿಂದಿನ ಸಾಲಿನಲ್ಲಿ ಕೂಡಿಸಲಿಲ್ಲ.

ಎರಡನೆಯದು ನಮ್ಮ ಸೊನ್ನಲಿಗೆಯ ಸಿದ್ಧರಾಮನವರ ಪ್ರಸಂಗ. ಸಂಕ್ರಮಣಕ್ಕೆ ಸೋಲಾಪುರದ ಜಾತ್ರಿಗೆ ಹೋಗುವ ನಮಗೆ ಅವರನ್ನು ಪರಿಚಯಿಸಬೇಕಾಗಿಲ್ಲ. ಕೆರೆ ಕಟ್ಟಿಸುವುದರಲ್ಲಿ, ಗುಡಿ ಕಟ್ಟಿಸುವುದರಲ್ಲಿ ಮುಳುಗಿದ್ದ ಅವರ ಹತ್ತಿರ ಅಲ್ಲಮಪ್ರಭುಗಳು ಬಂದು, ಅವರನ್ನು ಒಡ್ಡ ಎಂದು ಕರೆದು ಕೆಣಕಿದರು. ಕೆಲಸದವರು ಸಿಟ್ಟಿಗೆದ್ದು ಕಲ್ಲು ಬೀರಿದರು. ಮಾತಿಗೆ ಮಾತು ಬೆಳೆದು ಕೊನೆಗೆ ಇಬ್ಬರೂ ಕೂಡಿಯೇ ಕಲ್ಯಾಣದ ದಾರಿ ಹಿಡಿದರು. ಇಂದಿನ ದಾರಿ ಲೆಕ್ಕ ಹಾಕಿದರೆ ನಳದುರ್ಗ, ಉಮರಗಾ ಮೇಲೆ, ನಮ್ಮ ಹೊಲಗಳ ಬದಿಯಿಂದಲೇ.

ಅವರು ಮಹಾಮನೆಯ ಬಾಗಿಲಿಗೆ ಬಂದಾಗ ಬಸವಣ್ಣನವರು ಒಳಗೆ ಲಿಂಗಪೂಜೆಯಲ್ಲಿದ್ದರು. ಪೂಜೆ ನಡುವೆ ಏಳಬಾರದು ಎನ್ನುವುದು ರೀತಿ. ಅದಕ್ಕೆ ಹಡಪದ ಅಪ್ಪಣ್ಣನವರನ್ನು ಕಳಿಸಿ, ಒಳಗೆ ಕರೆದುಕೊಂಡು ಬಾ ಅಂದರು. ಪ್ರಭುಗಳು ಒಳಗೆ ಬರಲಿಲ್ಲ. ಮನೆ ಯಜಮಾನ ತಾನು ಕದಲದೆ ಆಳನ್ನು ಕಳಿಸಿ ಕರೆಯುವ ಈ ಭಕ್ತಿ ಎಂಥದು ಎಂದು ಬಾಗಿಲಲ್ಲೇ ನಿಂತು ಕೇಳಿದರು. ಜಂಗಮ ಬಾಗಿಲಲ್ಲಿ ನಿಂತಿರುವಾಗ ಒಳಗೆ ಮಾಡುವ ಪೂಜೆ ಯಾರಿಗೆ ಎಂಬುದನ್ನು ಚೆನ್ನಬಸವಣ್ಣನವರು ಮಾವನಿಗೆ ತಿಳಿಸಿ ಹೇಳಿದರು. ಬಸವಣ್ಣನವರು ಹೊರಗೆ ಬಂದು ಕೈ ಮುಗಿದು ಕರೆದುಕೊಂಡು ಹೋದರು. ಅಕ್ಕನ ಪ್ರಸಂಗದಲ್ಲಿ ಕೂತವರು ಹೊಸಬಳನ್ನು ಪರೀಕ್ಷಿಸಿದರೆ, ಇಲ್ಲಿ ಬಂದವನೇ ಕೂತವರನ್ನು ಪರೀಕ್ಷಿಸಿದ. ಕೂಟ ಕಟ್ಟಿದ ಬಸವಣ್ಣನವರೇ ಸಭೆಯ ಮುಂದೆ ತಪ್ಪು ಒಪ್ಪಿಕೊಂಡರು. ಹಾಗೆ ಬಾಗಿಲಲ್ಲಿ ನಿಂತು ಜಗಳ ತೆಗೆದವರೇ ಆಮೇಲೆ ಶೂನ್ಯಪೀಠದ ಮೇಲೆ ಕೂತರು.

ಸಿದ್ಧರಾಮನವರ ವಿಷಯ ಇಲ್ಲಿಗೆ ಮುಗಿಯಲಿಲ್ಲ. ಅವರ ಮೈಮೇಲೆ ಇಷ್ಟಲಿಂಗ ಇರಲಿಲ್ಲ. ದೀಕ್ಷೆ ಇಲ್ಲದವರು ಶರಣರ ನಡುವೆ ಕೂಡಬಹುದೋ ಇಲ್ಲವೋ? ಮಹದೇವಯ್ಯನವರ ಮೊದಲ ಶೂನ್ಯಸಂಪಾದನೆಯಲ್ಲಿ ಅವರಿಗೆ ದೀಕ್ಷೆ ಕೊಡುವ ಪ್ರಸಂಗವೇ ಇಲ್ಲ. ಅವರ ಅರಿವೇ ಸಾಕು ಎನ್ನುವ ಹಾಗೆ ಕಥೆ ಮುಂದೆ ಸಾಗುತ್ತದೆ. ಹಲಗೆಯಾರ್ಯರಿಗೆ ಇದು ಕೊರತೆಯಾಗಿ ಕಂಡಿತು. ಚೆನ್ನಬಸವಣ್ಣನವರಿಂದ ಸಿದ್ಧರಾಮನವರಿಗೆ ದೀಕ್ಷೆ ಆಗುವ ಭಾಗವನ್ನು ಸೇರಿಸಿದರು. ಇತಿಹಾಸ ಓದುವವರಿಗೆ ಇದು ಮುಖ್ಯವಾದ ಜಾಗ. ಕಾಲ ಕಳೆದಂತೆ, ಪಂಥ ಗಟ್ಟಿಯಾದಂತೆ, ಹೊಸಬನಿಗೆ ಹಾಕುವ ನಿಯಮವೂ ಗಟ್ಟಿಯಾಗುತ್ತದೆ. ಮೊದಲಿನವರು ಮನುಷ್ಯನನ್ನು ನೋಡಿ ಬಿಟ್ಟುಕೊಟ್ಟದ್ದನ್ನು ಹಿಂದಿನಿಂದ ಬಂದವರು ಕಾಗದದ ಮೇಲೆ ಸರಿಮಾಡಲು ಹೋಗುತ್ತಾರೆ. ಹಲಗೆಯಾರ್ಯರ ಕಡೆಗೂ ನ್ಯಾಯ ಇದೆ. ದೊಡ್ಡವರಿಗೊಂದು, ಸಣ್ಣವರಿಗೊಂದು ರೀತಿ ಮಾಡಿದರೆ ನಾಳೆ ಯಾರೂ ರೀತಿಗೆ ಬೆಲೆ ಕೊಡೂದಿಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಗಂಡನೆಂದು ಬಿಡದೆ, ತಂದಲ್ಲೇ ಸುರಿದು ಬಾ ಎಂದು ಕಳಿಸಿದಳಲ್ಲ! ಹಳಬರಿಗೂ ಹೊಸಬರಿಗೂ ರೀತಿ ಒಂದೇ ಇದ್ದಾಗ ಮಾತ್ರ ಅದನ್ನು ಹೇಳಲಿಕ್ಕೆ ಬಾಯಿ ಬರುತ್ತದೆ.

ಮೂರನೆಯ ಪ್ರಸಂಗ ನನ್ನ ಮನಸ್ಸಿಗೆ ಹೆಚ್ಚು ನಾಟಿದ್ದು. ಮರುಳಶಂಕರದೇವ ಎನ್ನುವವರು ದೂರದೇಶದಿಂದ ಕಲ್ಯಾಣಕ್ಕೆ ಬಂದು, ಮಹಾಮನೆಯ ಪ್ರಸಾದಕುಂಡದ ಹತ್ತಿರ ಹನ್ನೆರಡು ವರ್ಷ ಇದ್ದರಂತೆ. ಯಾರೂ ಅವರನ್ನು ಬೈಯಲಿಲ್ಲ, ಹೊರಗೆ ಹಾಕಲಿಲ್ಲ. ಆದರೆ ಯಾರೂ ಮಾತಾಡಿಸಲೂ ಇಲ್ಲ. ಮರುಳ ಅಂದುಕೊಂಡು ಹಾದುಹೋದರು. ಕೊನೆಗೆ ಅಲ್ಲಮಪ್ರಭುಗಳು ಬಂದು ಗುರುತಿಸಿದಾಗ, ಇಷ್ಟು ದೊಡ್ಡವರು ನಮ್ಮ ಮನೆಯೊಳಗೇ ಇದ್ದರೂ ಕಾಣಲಿಲ್ಲವಲ್ಲ ಎಂದು ಬಸವಣ್ಣನವರು ಮರುಗಿದರು. ಹೊಸಬನ ಮೇಲೆ ಜಬರದಸ್ತಿ ಮಾಡುವುದು ಒಂದು ತಪ್ಪು. ಅವನು ಬಂದದ್ದೇ ಗೊತ್ತಾಗದ ಹಾಗೆ ಇರುವುದು ಇನ್ನೊಂದು. ಹಿಂದೆ ಕೂತು ಕೇಳಲಿ ಎಂಬ ನಿಯಮ ಮಾಡಿದರೆ ನಾವು ಎಷ್ಟು ಮರುಳಶಂಕರರನ್ನು ಹಿಂದಿನ ಸಾಲಿನಲ್ಲಿ ಕಳೆದುಕೊಳ್ಳುತ್ತೇವೋ!

ಕಲ್ಯಾಣಕ್ಕಿಂತ ಬಹಳ ಹಿಂದಿನ ಒಂದು ಸಂಗತಿ ಗಡಿಯವರಾದ ನಮಗೆ ಇನ್ನೂ ಹತ್ತಿರದ್ದು. ಬೌದ್ಧರ ವಿನಯಪಿಟಕದ ಮಹಾವಗ್ಗದಲ್ಲಿ ಬರುತ್ತದೆ. ಹೊಸಬನಿಗೆ ಪೂರ್ಣ ದೀಕ್ಷೆ ಕೊಡಬೇಕಾದರೆ ಹತ್ತು ಮಂದಿ ಭಿಕ್ಷುಗಳು ಸೇರಿರಬೇಕು ಎನ್ನುವುದು ಸಂಘದ ನಿಯಮ. ಅವಂತಿಯಲ್ಲಿ, ಅಂದರೆ ಇಂದಿನ ಮಾಳವ ಸೀಮೆಯಲ್ಲಿ, ಸೋಣ ಎನ್ನುವವನಿಗೆ ದೀಕ್ಷೆ ಕೊಡಲು ಮಹಾಕಚ್ಚಾನ ಎಂಬ ಹಿರಿಯ ಭಿಕ್ಷುವಿಗೆ ಹತ್ತು ಮಂದಿಯನ್ನು ಕೂಡಿಸುವುದರಲ್ಲೇ ಮೂರು ವರ್ಷ ಹೋಯಿತು. ಭಿಕ್ಷುಗಳೇ ವಿರಳವಾದ ಪ್ರದೇಶ ಅದು. ಆಮೇಲೆ ಸೋಣ ಬುದ್ಧನ ದರ್ಶನಕ್ಕೆ ಹೊರಟಾಗ ಗುರು ಈ ಕಷ್ಟವನ್ನು ಅವನ ಕೈಯಲ್ಲಿ ಹೇಳಿ ಕಳಿಸಿದ. ಬುದ್ಧ ಒಪ್ಪಿದ. ಗಡಿನಾಡುಗಳಲ್ಲಿ ಐದು ಮಂದಿ ಸಾಕು, ಆದರೆ ಆ ಐವರಲ್ಲಿ ಒಬ್ಬ ನಿಯಮ ಚೆನ್ನಾಗಿ ಬಲ್ಲವನಿರಬೇಕು ಎಂದ. ನೆಲ ಒರಟಾದ ಆ ಕಡೆಗೆ ದಪ್ಪ ಅಟ್ಟೆಯ ಮೆಟ್ಟಿಗೂ ಅಪ್ಪಣೆ ಕೊಟ್ಟ. ನಿಯಮ ರದ್ದಾಗಲಿಲ್ಲ, ಕಡಿಮೆಯಾದದ್ದು ಸಂಖ್ಯೆ ಮಾತ್ರ. ನಡುನಾಡಿಗೆ ಮಾಡಿದ ನಿಯಮವನ್ನು ಗಡಿನಾಡಿಗೆ ಹಾಗೇ ಹೊರಿಸಿದರೆ ಅಲ್ಲಿ ಹೊಸಬರೇ ಹುಟ್ಟುವುದಿಲ್ಲ ಎಂದು ಎರಡು ಸಾವಿರ ವರ್ಷದ ಹಿಂದಿನವರಿಗೇ ತಿಳಿದಿತ್ತು.

ಧಾರವಾಡದ ಹುಡುಗನ ಕನ್ನಡವನ್ನು ಅಳೆಯುವ ಸೇರಿನಿಂದ ಮುರುಮ, ನಿಲಂಗಾ ಕಡೆಯ ಹುಡುಗನನ್ನು ಅಳೆಯಲಾಗದು. ಇವನಿಗೆ ಸಾಳಿಯೊಳಗ ಕನ್ನಡ ಕಲಿಸಿದವರಿಲ್ಲ. ಅವ್ವನ ಬಾಯಿಂದ ಬಂದಷ್ಟೇ ಅವನ ಗಳಿಕೆ. ಅಷ್ಟನ್ನು ಹಿಡಕೊಂಡು ವಾಚನಾಲಯದ ಮೆಟ್ಟಿಲು ಹತ್ತಿ ಬಂದಿದ್ದಾನೆ ಅಂದ್ರ ಅರ್ಧ ಪರೀಕ್ಷೆ ಅಲ್ಲೇ ಪಾಸಾದ.

ಇಷ್ಟು ನೋಡಿದ ಮೇಲೆ ನನ್ನ ಅಭಿಪ್ರಾಯ ಹೇಳುತ್ತೇನೆ. ನಿಯಮ ಇರಲಿ, ಬರೆದು ಗೋಡೆಗೆ ಹಚ್ಚೋಣ. ಹೊಸಬರು ಮೊದಲ ದಿನ ಕೇಳಲಿ, ಎರಡನೆಯ ವಾರ ಓದಲಿ. ಓದಿದ ವಚನ ಯಾರದು, ಅಂಕಿತ ಯಾವುದು ಎಂದು ಹೇಳಲಿ, ಅರ್ಥವನ್ನು ತಮಗೆ ತಿಳಿದ ಮಾತಿನಲ್ಲಿ, ಬೇಕಾದರೆ ಮರಾಠಿಯಲ್ಲೇ ಹೇಳಲಿ. ದೇವನಾಗರಿಯಲ್ಲಿ ಬರೆದುಕೊಂಡು ಬಂದವರನ್ನು ತಡೆಯುವುದು ಬೇಡ; ಅವರಿಗೆ ಕನ್ನಡ ಅಕ್ಷರ ಕಲಿಸುವ ಹೊಣೆಯನ್ನು ಹಿರಿಯರೊಬ್ಬರು ಹೊರಲಿ, ದಿನಕ್ಕೆ ನಾಲ್ಕು ಅಕ್ಷರವಾದರೂ ಸರಿ. ಐದು ಮಂದಿಯಲ್ಲಿ ನಿಯಮ ಬಲ್ಲವನೊಬ್ಬ ಇರಬೇಕು ಅಂದದ್ದು ಇಂಥ ಕೆಲಸಕ್ಕೇ. ತಪ್ಪು ಓದಿದರೆ ಅಲ್ಲೇ, ಎಲ್ಲರ ಎದುರು, ನಗದೆ ತಿದ್ದೋಣ. ಮನೆಗೆ ಹೋಗಿ ಆಡಿಕೊಳ್ಳುವುದು ಬೇಡ. ಮತ್ತ ಹೊಸ ಹುಡುಗಿ ಎದ್ದು ನಿಂತು, ಅಕ್ಕನಿಗೆ ಅಂಥ ಪ್ರಶ್ನೆ ಯಾಕ ಕೇಳಿದರು ಮಾಸ್ತರ್ರ ಅಂತ ನಮ್ಮನ್ನೇ ಕೇಳಿದರೆ, ಉತ್ತರ ಕೊಡುವ ತಯಾರಿ ನಮಗೂ ಇರಬೇಕು.

ಇದಕ್ಕೆ ಒಪ್ಪದ ಹಿರಿಯರು ಇದ್ದಾರೆಂದು ನನಗೆ ಗೊತ್ತು. ಶ್ರಾವಣದ ಓದು ಸುರುವಾಗುವ ಮೊದಲು ಒಂದು ಸಂಜೆ ಕೂಡೋಣ. ಆ ಹುಡುಗರನ್ನೂ ಕರೆಯೋಣ, ನಿಯಮ ಅವರ ಮೇಲೆ ತಾನೆ ಬೀಳುವುದು.