ದೇವದುರ್ಗದ ಎಕ್ಸ್‌ರೇ ಕೋಣೆಗೆ ಕಾವಲು ಯಾರು?

ಕೃಷ್ಣಾ ದಂಡೆಯ ಗೂಗಲ್‌ನಲ್ಲಿ ಯಾರಾದರೂ ಬಿದ್ದು ಕೈ ಮುರಿದುಕೊಂಡರೆ ಎಕ್ಸ್‌ರೇಗೆ ತಾಲ್ಲೂಕು ಕೇಂದ್ರ ದೇವದುರ್ಗಕ್ಕೆ ಬರಬೇಕು. ತಲೆಗೆ ಜೋರು ಪೆಟ್ಟಾಗಿದ್ದರೆ ರಾಯಚೂರು. ಮಾನ್ವಿಯವರ ದಾರಿಯೂ ಅದೇ. ಅಲ್ಲಿ ಕೌಂಟರ್‌ನಲ್ಲಿ ನಾವು ಕೇಳೋದು ಒಂದೇ ಪ್ರಶ್ನೆ: "ಎಷ್ಟು ರೊಕ್ಕ ಆಗ್ತದ?" ಇನ್ನೆರಡು ಪ್ರಶ್ನೆ ಕೇಳೋ ರೂಢಿ ನಮಗಿಲ್ಲ. ಈ ಪರೀಕ್ಷೆ ಬೇಕೇಬೇಕಾ? ಈ ಮಷೀನ್‌ಗೆ ಲೈಸೆನ್ಸ್ ಇದೆಯಾ? ವಿಕಿರಣ ಸುರಕ್ಷತೆ ನಿಂತಿರೋದು ಈ ಎರಡರ ಮೇಲೆ.

ಎಲ್ಲಾ 'ಸ್ಕ್ಯಾನಿಂಗ್' ಒಂದೇ ಅಲ್ಲ

ಅಲ್ಟ್ರಾಸೌಂಡ್ ಕೆಲಸ ಮಾಡೋದು ಶಬ್ದದ ಅಲೆಗಳಿಂದ, ಎಂಆರ್‌ಐ ಕಾಂತಕ್ಷೇತ್ರ ಮತ್ತು ರೇಡಿಯೋ ಅಲೆಗಳಿಂದ. ಇವೆರಡರಲ್ಲೂ ಎಕ್ಸ್‌ರೇ ಥರದ ವಿಕಿರಣ ಇಲ್ಲ. ಅದು ಇರೋದು ಎಕ್ಸ್‌ರೇ, ಮ್ಯಾಮೋಗ್ರಫಿ, ಸಿಟಿ ಸ್ಕ್ಯಾನ್ ಮತ್ತು ಆಂಜಿಯೋಗ್ರಾಂನಲ್ಲಿ.

ಪ್ರಮಾಣದಲ್ಲೂ ಭಾರೀ ವ್ಯತ್ಯಾಸವಿದೆ. ಮಣ್ಣು, ಗಾಳಿ, ಆಕಾಶದಿಂದ ಮನುಷ್ಯನಿಗೆ ಸಹಜವಾಗಿ ತಗಲುವ ವಿಕಿರಣ ಜಾಗತಿಕ ಸರಾಸರಿಯಲ್ಲಿ ವರ್ಷಕ್ಕೆ 2.4 ಮಿಲಿಸೀವರ್ಟ್. ಎದೆಯ ಒಂದು ಎಕ್ಸ್‌ರೇಯಲ್ಲಿ ಹೆಚ್ಚೆಂದರೆ 0.1. ಹೊಟ್ಟೆಯ ಸಿಟಿಯಲ್ಲಿ ಸುಮಾರು 8ರಿಂದ 10. ಅಂದರೆ ಒಂದು ಸಿಟಿ ಹೆಚ್ಚೂಕಡಿಮೆ ನೂರು ಎದೆ ಎಕ್ಸ್‌ರೇಗೆ ಸಮ. ಇದರಿಂದ ಕ್ಯಾನ್ಸರ್ ಸಾಧ್ಯತೆ ಹೆಚ್ಚೋದು ಬಹಳ ಸಣ್ಣ ಪ್ರಮಾಣದಲ್ಲಿ. ಆದರೆ ಪರೀಕ್ಷೆಗಳು ಕೂಡುತ್ತಾ ಹೋದಂತೆ ಅದೂ ಕೂಡುತ್ತದೆ, ಮಕ್ಕಳಿಗೆ ಹೆಚ್ಚು.

ಹಾಗಂತ ಹೆದರಿ ಕೂರೋದು ಪರಿಹಾರವಲ್ಲ. ವಾರಗಟ್ಟಲೆ ಕೆಮ್ಮು ಬಿಡದವರು ಎಕ್ಸ್‌ರೇ ಬೇಡ ಅಂದರೆ ಟಿಬಿ ಒಳಗೇ ಬೆಳೆಯುತ್ತದೆ. ಅದರ ಅಪಾಯ ಎಕ್ಸ್‌ರೇಗಿಂತ ಎಷ್ಟೋ ಪಟ್ಟು ದೊಡ್ಡದು.

ಸಿಬ್ಬಂದಿಗೆ ಮಿತಿ ಇದೆ, ರೋಗಿಗೆ ಇಲ್ಲ

ಎಕ್ಸ್‌ರೇ ಟೆಕ್ನಿಷಿಯನ್‌ಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಮಿತಿ, ಯಾವುದೇ ಒಂದು ವರ್ಷದಲ್ಲಿ 30 ದಾಟುವಂತಿಲ್ಲ. ಅದನ್ನು ಅಳೆಯಲು ಎದೆಗೆ ಟಿಎಲ್‌ಡಿ ಬ್ಯಾಡ್ಜ್ ಇರುತ್ತದೆ, ಮೂರು ತಿಂಗಳಿಗೊಮ್ಮೆ ಲ್ಯಾಬ್‌ಗೆ ಹೋಗುತ್ತದೆ. ಹೊರಗಿನ ಸಾರ್ವಜನಿಕರಿಗೆ ಮಿತಿ ವರ್ಷಕ್ಕೆ 1.

ರೋಗಿಗೆ ಮಾತ್ರ ಮಿತಿಯೇ ಇಲ್ಲ. ಇದು ಬೇಕಂತಲೇ ಬಿಟ್ಟದ್ದು. ಮಿತಿ ಇಟ್ಟರೆ ಜೀವ ಉಳಿಸೋ ಚಿಕಿತ್ಸೆಯೇ ನಿಂತುಬಿಡುತ್ತದೆ. ಕಲಬುರಗಿ ಅಥವಾ ಬೆಂಗಳೂರಿಗೆ ಕ್ಯಾನ್ಸರ್‌ನ 'ಕರೆಂಟ್' ಕೊಡಿಸಲು ಹೋಗುವವರಿಗೆ ದಿನಕ್ಕೆ ಸುಮಾರು 2 ಗ್ರೇಯಂತೆ ವಾರಗಟ್ಟಲೆ ಕೊಡುವುದು ಸಾಮಾನ್ಯ. ಅದು ಸಿಟಿಯ ಪ್ರಮಾಣಕ್ಕಿಂತ ನೂರಾರು ಪಟ್ಟು ಹೆಚ್ಚು, ಆದರೆ ಗೆಡ್ಡೆಗಷ್ಟೇ ಗುರಿಯಿಟ್ಟದ್ದು. ಅದಕ್ಕೇ ಅಲ್ಲಿ ಮೆಡಿಕಲ್ ಫಿಸಿಸಿಸ್ಟ್ ಮತ್ತು ವಿಕಿರಣ ಸುರಕ್ಷತಾ ಅಧಿಕಾರಿ ಇರಲೇಬೇಕು.

ಮಿತಿ ಇಲ್ಲದ ಕಡೆ ರೋಗಿಯನ್ನು ಕಾಯೋದು ಎರಡೇ: ಪರೀಕ್ಷೆಗೆ ತಕ್ಕ ಕಾರಣ ಇರಬೇಕು, ಮತ್ತು ಕೆಲಸಕ್ಕೆ ಸಾಕಾಗುವಷ್ಟೇ ವಿಕಿರಣ ಬಳಸಬೇಕು. ಹಳೇ ಫಿಲ್ಮ್ ನೋಡದೆ ಹೊಸ ಸಿಟಿ ಬರೆದಾಗ ಮೊದಲನೆಯದು ಮುರಿಯುತ್ತದೆ. ಮಷೀನ್ ತಪಾಸಣೆ ಇಲ್ಲದೆ ಓಡುತ್ತಿದ್ದರೆ ಎರಡನೆಯದು.

ಕಾವಲುಗಾರ ಮುಂಬೈಯಲ್ಲಿ

ದೇಶದ ಎಲ್ಲಾ ಎಕ್ಸ್‌ರೇ ಮಷೀನ್‌ಗಳ ಉಸ್ತುವಾರಿ ಅಣುಶಕ್ತಿ ನಿಯಂತ್ರಣ ಮಂಡಳಿಯದು. 1983ರ ನವೆಂಬರ್ 15ರಂದು ರಚನೆಯಾದ ಇದರ ಕಚೇರಿ ಮುಂಬೈಯಲ್ಲಿ, ದಕ್ಷಿಣದ ಪ್ರಾದೇಶಿಕ ಕೇಂದ್ರ ಚೆನ್ನೈಯಲ್ಲಿ. ಹಾಗಾಗಿ ಪ್ರತಿ ರಾಜ್ಯದಲ್ಲೂ ವಿಕಿರಣ ಸುರಕ್ಷತಾ ನಿರ್ದೇಶನಾಲಯ ಬರಲಿ ಎಂದು 2001ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2012ರ ಸಿಎಜಿ ವರದಿ ನೋಡಿದರೆ, ಹನ್ನೊಂದು ವರ್ಷದ ನಂತರವೂ ಅದು ಇದ್ದದ್ದು ಕೇರಳ ಮತ್ತು ಮಿಜೋರಾಂನಲ್ಲಿ ಮಾತ್ರ. ಕರ್ನಾಟಕದಲ್ಲಿ ಇರಲಿಲ್ಲ. ದೇಶದ 57,443 ಎಕ್ಸ್‌ರೇ ಘಟಕಗಳ ಪೈಕಿ 52,173 ನೋಂದಣಿಯೇ ಇಲ್ಲದೆ ನಡೆಯುತ್ತಿದ್ದವು, ಅಂದರೆ ಶೇ. 91. ನಂತರ ಇ-ಲೋರಾ ಎಂಬ ಆನ್‌ಲೈನ್ ವ್ಯವಸ್ಥೆ ಬಂದು ಲೈಸೆನ್ಸ್ ಪಡೆಯೋದು ಸಲೀಸಾಯಿತು. ಆದರೆ ಲೈಸೆನ್ಸ್ ಕಾಗದ ಆನ್‌ಲೈನ್‌ನಲ್ಲಿ ಬರುತ್ತದೆ, ಕೋಣೆಯ ಬಾಗಿಲು ಸರಿಯಾಗಿ ಮುಚ್ಚುತ್ತಾ ಅಂತ ನೋಡಲು ಮನುಷ್ಯರೇ ಬರಬೇಕು.

ನಾವು ಕೇಳಬಹುದಾದ್ದು

- ಇದರ ಬದಲು ಅಲ್ಟ್ರಾಸೌಂಡ್ ಸಾಕಾಗುತ್ತಾ? ಹಳೇ ರಿಪೋರ್ಟ್ ನೋಡಿದಿರಾ? ಫಿಲ್ಮ್, ಸಿ.ಡಿ. ಎಸೆಯಬೇಡಿ.
- ಗರ್ಭಿಣಿಯಾಗಿದ್ದರೆ, ಅನುಮಾನವಿದ್ದರೂ, ಮೊದಲೇ ಹೇಳಿ.
- ಎಕ್ಸ್‌ರೇ ತೆಗೆಯುವಾಗ ಜೊತೆಗೆ ಬಂದವರು ಹೊರಗಿರಲಿ, ಬಾಗಿಲು ಮುಚ್ಚಿರಲಿ. ದೂರ ಎರಡು ಪಟ್ಟಾದರೆ ವಿಕಿರಣ ಕಾಲು ಭಾಗಕ್ಕೆ ಇಳಿಯುತ್ತದೆ.
- ಮಗುವನ್ನು ಹಿಡಿದುಕೊಳ್ಳಲೇಬೇಕಾದರೆ ಸೀಸದ ಏಪ್ರನ್ ಕೇಳಿ. ಗರ್ಭಿಣಿಯರು ಹಿಡಿಯಬಾರದು.
- ಲೈಸೆನ್ಸ್ ಎಲ್ಲಿದೆ? ಎರಡು ವರ್ಷಕ್ಕೊಮ್ಮೆ ಆಗಬೇಕಾದ ಗುಣಮಟ್ಟ ತಪಾಸಣೆ ಕೊನೆಗೆ ಆದದ್ದು ಯಾವಾಗ?

ಸರ್ಕಾರಿ ಆಸ್ಪತ್ರೆಯದಾದರೆ ಈ ಕೊನೆಯ ಪ್ರಶ್ನೆಗೆ ಮಾಹಿತಿ ಹಕ್ಕಿನಡಿ ಲಿಖಿತ ಉತ್ತರ ಪಡೆಯಬಹುದು. ಹೊಸ ಮಷೀನ್ ಬಂದಾಗ ರಿಬ್ಬನ್ ಕತ್ತರಿಸಲು ಜನಪ್ರತಿನಿಧಿಗಳು ತಪ್ಪದೇ ಬರುತ್ತಾರೆ. ಎರಡು ವರ್ಷದ ನಂತರ ಅದೇ ಮಷೀನ್‌ನ ತಪಾಸಣಾ ವರದಿಯನ್ನೂ ಅವರಿಂದಲೇ ಕೇಳೋಣ.