ಬೀವರ್ ಎಣಿಸಿದವರು

1668ರಲ್ಲಿ ‘ನಾನ್‌ಸಚ್’ ಎಂಬ ಸಣ್ಣ ಹಡಗೊಂದು ಲಂಡನ್ನಿನಿಂದ ಹೊರಟು, ಕೆನಡಾದ ಜೇಮ್ಸ್ ಕೊಲ್ಲಿಗೆ ಬಂದು, ಒಂದು ನದಿಯ ಬಾಯಲ್ಲಿ ಲಂಗರು ಹಾಕಿತು. ಚಳಿಗಾಲವನ್ನು ಅಲ್ಲಿಯೇ ಕಳೆದು, ಸ್ಥಳೀಯ ಕ್ರೀ ಜನರಿಂದ ತುಪ್ಪಳದ ಚರ್ಮಗಳನ್ನು ಕೊಂಡು, ಮರುವರ್ಷ ಊರಿಗೆ ಮರಳಿತು. ಲಾಭದ ವಾಸನೆ ಹಿಡಿದ ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್ 1670ರಲ್ಲಿ ತನ್ನ ಬಂಧು ರಾಜಕುಮಾರ ರೂಪರ್ಟ್ ಮತ್ತು ಅವನ ಪಾಲುದಾರರಿಗೆ ಸನ್ನದು ಬರೆದುಕೊಟ್ಟ. ಹಡ್ಸನ್ಸ್ ಬೇ ಕಂಪನಿ ಹುಟ್ಟಿದ್ದು ಹೀಗೆ. ಈಸ್ಟ್ ಇಂಡಿಯಾ ಕಂಪನಿ ನಮ್ಮಲ್ಲಿ ಮೆಣಸು, ಬಟ್ಟೆಗಳ ಬೆನ್ನು ಹತ್ತಿದ್ದ ಕಾಲದಲ್ಲಿಯೇ ಈ ಕಂಪನಿ ಬೀವರ್ ಎಂಬ ಪ್ರಾಣಿಯ ಬೆನ್ನು ಹತ್ತಿತ್ತು.

ಬೀವರ್ ದೊಡ್ಡ ದಂಶಕ ಜಾತಿಯದು, ಇಲಿ ಅಳಿಲುಗಳ ಬಂಧು. ಮರ ಕಡಿದು, ತೊರೆಗೆ ಒಡ್ಡು ಕಟ್ಟಿ, ಕೊಳದ ನಡುವೆ ಕಡ್ಡಿ ಕೆಸರಿನ ಗೂಡು ಮಾಡಿಕೊಂಡು ಸಂಸಾರ ಸಮೇತ ವಾಸಿಸುತ್ತದೆ. ಅದರ ಹೊರಗೂದಲು ಒರಟು, ಒಳಗೂದಲು ಮಾತ್ರ ಬಹಳ ಮೃದು. ಆ ಒಳಗೂದಲನ್ನು ಒತ್ತಿ ಮಾಡಿದ ಉಣ್ಣೆಹಾಳೆಯ ಟೋಪಿ ಯುರೋಪಿನ ಗಂಡಸರ ಪ್ರತಿಷ್ಠೆಯ ಗುರುತಾಗಿತ್ತು. ಕಂಪನಿಯ ಅಂಗಡಿಗಳಲ್ಲಿ ‘ಮೇಡ್ ಬೀವರ್’ ಎಂಬುದೇ ನಾಣ್ಯದಂತೆ ಚಲಾವಣೆಯಲ್ಲಿತ್ತು. ಬಂದೂಕು, ಕಂಬಳಿ, ಕೊಡಲಿ ಎಲ್ಲದರ ಬೆಲೆಯನ್ನೂ ಇಷ್ಟು ಬೀವರ್ ಚರ್ಮ ಎಂದೇ ಹೇಳುತ್ತಿದ್ದರು. ಹತ್ತೊಂಬತ್ತನೇ ಶತಮಾನದಲ್ಲಿ ರೇಷ್ಮೆ ಟೋಪಿಯ ಫ್ಯಾಷನ್ ಬಂದು ಬೀವರ್‌ಗೆ ಸ್ವಲ್ಪ ಉಸಿರು ಸಿಕ್ಕಿತು. ಆದರೆ ಚರ್ಮದ ಕೋಟುಗಳ ಬೇಡಿಕೆ ನಿಲ್ಲಲಿಲ್ಲ.

ಕ್ರೀ ಜನರಿಗೆ ಬೇಟೆಯ ಶಿಸ್ತು ಹೊಸದಲ್ಲ. ಒಂದೊಂದು ಕುಟುಂಬಕ್ಕೂ ಅದರದೇ ಕಾಡಿನ ಪಾಲು ಇತ್ತು, ಅದನ್ನು ನೋಡಿಕೊಳ್ಳುವ ಹಿರಿಯ ಯಜಮಾನನೂ ಇದ್ದ. ಯಾವ ಕೊಳದಲ್ಲಿ ಈ ವರ್ಷ ಹಿಡಿಯಬೇಕು, ಯಾವುದನ್ನು ಬೀಡು ಬಿಡಬೇಕು ಎಂದು ನಿರ್ಧರಿಸುತ್ತಿದ್ದವನು ಅವನೇ. ನಮ್ಮ ರೈತ ಹೊಲದ ಒಂದು ಭಾಗವನ್ನು ಬೀಳು ಬಿಟ್ಟ ಹಾಗೆ. ಮೊದಲ ಮಹಾಯುದ್ಧದ ನಂತರ ತುಪ್ಪಳದ ಬೆಲೆ ಏರಿದಾಗ ಈ ಕಟ್ಟುಪಾಡು ಮುರಿಯಿತು. ದಕ್ಷಿಣದಿಂದ ಹೊರಗಿನ ಬೇಟೆಗಾರರು ನುಗ್ಗಿದರು. ನಾಳೆ ಈ ಕಾಡಿಗೆ ಮರಳಿ ಬರುವ ಅಗತ್ಯ ಅವರಿಗಿರಲಿಲ್ಲ. ಇದ್ದುದನ್ನೆಲ್ಲ ಬಾಚಿ ಹೋದರು. ನಾವು ಬಿಟ್ಟಿದ್ದನ್ನು ಇನ್ನೊಬ್ಬ ಒಯ್ಯುತ್ತಾನೆ ಎಂದಾದಾಗ ಕ್ರೀ ಕುಟುಂಬಗಳಿಗೂ ಬಿಡುವುದರಲ್ಲಿ ಅರ್ಥ ಕಾಣಲಿಲ್ಲ. 1920ರ ದಶಕದ ಕೊನೆಗೆ ಜೇಮ್ಸ್ ಕೊಲ್ಲಿಯ ಪೂರ್ವ ದಂಡೆಯಲ್ಲಿ ಬೀವರ್ ಹೆಚ್ಚುಕಡಿಮೆ ಮಾಯವಾಗಿತ್ತು. ಬೀವರ್ ಎಂದರೆ ಮಾಂಸವೂ ಹೌದು, ಚರ್ಮವೂ ಹೌದು. ಅದು ಹೋದಾಗ ಹಸಿವು ಬಂತು.

ಆಗ ನಾನ್‌ಸಚ್ ಲಂಗರು ಹಾಕಿದ್ದ ಅದೇ ಜಾಗದಲ್ಲಿ, ರೂಪರ್ಟ್ ಹೌಸ್ ಎಂಬ ಕಂಪನಿಯ ಠಾಣೆಯಲ್ಲಿ, ಜೇಮ್ಸ್ ವಾಟ್ ಎಂಬಾತ ವ್ಯವಸ್ಥಾಪಕನಾಗಿದ್ದ. ಜೀವಂತ ಬೀವರ್ ಇರುವ ಗೂಡು ಎಲ್ಲಿದೆಯೆಂದು ಕ್ರೀ ಬೇಟೆಗಾರರು ತಿಳಿಸಿದಾಗ, ಅವನ್ನು ಕೊಲ್ಲದೆ ಬಿಡಲು ಅವನು ಚರ್ಮಕ್ಕೆ ಕೊಡುವಷ್ಟೇ ಹಣ ಕೊಟ್ಟ. ಸತ್ತ ಪ್ರಾಣಿಯ ವ್ಯಾಪಾರಿ ಬದುಕಿದ ಪ್ರಾಣಿಗೆ ಬೆಲೆ ಕಟ್ಟಿದ್ದ. ಆದರೆ ಹೊರಗಿನವರನ್ನು ತಡೆಯಲು ಕಾನೂನು ಬೇಕಿತ್ತು. ಅವನ ಹೆಂಡತಿ ಮಾಡ್ ವಾಟ್ ನಡುಚಳಿಯಲ್ಲಿ ಮಕ್ಕಳನ್ನೂ ಕಟ್ಟಿಕೊಂಡು ನಾಯಿಬಂಡಿಯ ದಾರಿ ಹಿಡಿದು, ದಕ್ಷಿಣದ ರೈಲು ಮುಟ್ಟಿ, ಕ್ವಿಬೆಕ್ ನಗರದ ಅಧಿಕಾರಿಗಳ ಮುಂದೆ ಹೋಗಿ ನಿಂತಳು. 1932ರಲ್ಲಿ ಏಳು ಸಾವಿರ ಚದರ ಮೈಲಿಗೂ ಹೆಚ್ಚಿನ ಕಾಡು ಬೀವರ್ ರಕ್ಷಿತ ಪ್ರದೇಶವಾಯಿತು.

ಇತಿಹಾಸ ವಾಟ್ ದಂಪತಿಯ ಹೆಸರನ್ನು ನೆನಪಿಟ್ಟಿತು. ಕೆಲಸ ಮಾಡಿದವರು ಮಾತ್ರ ಕ್ರೀ ಜನರು. ಪ್ರತಿ ಪಾಲಿನ ಯಜಮಾನನನ್ನು ‘ಟ್ಯಾಲಿಮನ್’, ಅಂದರೆ ಎಣಿಸುವವನು, ಎಂದು ನೇಮಿಸಲಾಯಿತು. ಅವನು ಚಳಿಗಾಲ ಬರುವ ಮುನ್ನ ಗೂಡುಗಳನ್ನು ಎಣಿಸಿ, ನಕ್ಷೆಯಲ್ಲಿ ಗುರುತು ಹಾಕಿ, ಲೆಕ್ಕ ಒಪ್ಪಿಸುತ್ತಿದ್ದ. ಆ ಕೆಲಸಕ್ಕೆ ಸಣ್ಣ ಸಂಬಳವೂ ಇತ್ತು. ಹಸಿವಿನ ವರ್ಷಗಳಲ್ಲಿಯೂ ಕಣ್ಣೆದುರಿನ ಬೀವರನ್ನು ಹಿಡಿಯದೆ ಇದ್ದವರು ಅವರು. 1940ರಲ್ಲಿ ಬೇಟೆ ಮತ್ತೆ ತೆರೆಯಿತು. ಗೂಡಿನ ಲೆಕ್ಕದ ಮೇಲೆ ಹಿಡಿಯುವ ಮಿತಿ ನಿಗದಿಯಾಯಿತು. ಬ್ರಿಟಿಷ್ ಕೊಲಂಬಿಯಾದಲ್ಲಿ 1920ರ ದಶಕದಲ್ಲಿಯೇ ‘ಟ್ರ್ಯಾಪ್‌ಲೈನ್’ ನೋಂದಣಿ ಶುರುವಾಗಿತ್ತು. ಮುಂದೆ ದೇಶದ ಬಹುಭಾಗದಲ್ಲಿ ಪರವಾನಗಿ, ಋತು, ಗಡಿ ಇವು ಬೇಟೆಗಾರನ ಬದುಕಿನ ಭಾಗವಾದವು.

ಕಾನೂನು ಬಂತು, ನೀತಿಯ ಪ್ರಶ್ನೆ ಉಳಿಯಿತು. ಹಳೆಯ ಕಬ್ಬಿಣದ ಬೋನು ಪ್ರಾಣಿಯ ಕಾಲು ಕಚ್ಚಿ ಹಿಡಿಯುತ್ತಿತ್ತು. ಬೇಟೆಗಾರ ಬರುವ ತನಕ ಅದು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನರಳುತ್ತಿತ್ತು. ಅದನ್ನು ವರ್ಷಗಟ್ಟಲೆ ಹತ್ತಿರದಿಂದ ನೋಡಿದ ಫ್ರಾಂಕ್ ಕಾನಿಬೇರ್ ಎಂಬ ವೃತ್ತಿಪರ ಬೇಟೆಗಾರನೇ, ಕುತ್ತಿಗೆ ಅಥವಾ ಎದೆಗೆ ಬಡಿದು ಬೇಗ ಕೊಲ್ಲುವ ಹೊಸ ಬೋನನ್ನು ರೂಪಿಸಿದ. 1950ರ ದಶಕದ ಕೊನೆಯಲ್ಲಿ ಅದು ಮಾರುಕಟ್ಟೆಗೆ ಬಂತು. 1991ರಲ್ಲಿ ಯುರೋಪು ಕಾಲು ಹಿಡಿಯುವ ಬೋನುಗಳನ್ನು ನಿಷೇಧಿಸುವ ನಿಯಮ ಮಾಡಿತು. 1997ರಲ್ಲಿ ಕೆನಡಾ, ರಷ್ಯಾ ಮತ್ತು ಯುರೋಪು ಸೇರಿ ಬೋನುಗಳ ಮಾನದಂಡವನ್ನು ಒಪ್ಪಿಕೊಂಡವು. ಅದರ ಪ್ರಕಾರ, ಕೊಲ್ಲುವ ಬೋನಿನಲ್ಲಿ ಬೀವರ್ 300 ಸೆಕೆಂಡುಗಳೊಳಗೆ ಪ್ರಜ್ಞೆ ಕಳೆದುಕೊಳ್ಳಬೇಕು. ಐದು ನಿಮಿಷ ಎಂಬುದು ಕರುಣೆಯೇ ಎಂದು ಪ್ರಾಣಿಪ್ರಿಯರು ಕೇಳುತ್ತಾರೆ. ಆ ಪ್ರಶ್ನೆಯನ್ನು ತಳ್ಳಿಹಾಕುವುದು ಸುಲಭವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನೆರಳಿನಲ್ಲಿ ಬೆಳೆದ ನಮಗೆ ‘ನ್ಯಾಯಬದ್ಧ ತುಪ್ಪಳ ಬೇಟೆ’ ಎಂಬ ಮಾತೇ ವಿಚಿತ್ರ. ಆದರೆ ಹತ್ತಿಯಾಗಲಿ ಭತ್ತವಾಗಲಿ ಬೆಳೆಯದ ನಾಡಿನಲ್ಲಿ ಕಾಡಿನ ಪ್ರಾಣಿಯೇ ಅನ್ನ, ಅದರ ಚರ್ಮವೇ ಕೈಗೆ ಬರುವ ನಾಲ್ಕು ಕಾಸು.

ಎಣಿಸುವವರ ಲೆಕ್ಕ ಇನ್ನೊಂದು ರೀತಿಯಲ್ಲಿಯೂ ಕೆಲಸಕ್ಕೆ ಬಂತು. 1971ರಲ್ಲಿ ಕ್ವಿಬೆಕ್ ಸರ್ಕಾರ ಜೇಮ್ಸ್ ಕೊಲ್ಲಿಯ ನದಿಗಳಿಗೆ ಅಣೆಕಟ್ಟು ಕಟ್ಟುವುದಾಗಿ ಘೋಷಿಸಿತು. ಅಲ್ಲಿನ ಜನರನ್ನು ಕೇಳಿರಲಿಲ್ಲ. ಕ್ರೀ ಜನ ನ್ಯಾಯಾಲಯಕ್ಕೆ ಹೋದರು. ಈ ಕಾಡಿನಲ್ಲಿ ತಾವು ಹೇಗೆ ಬದುಕುತ್ತೇವೆ ಎಂದು ಬೇಟೆಗಾರರು ಕಟಕಟೆಯಲ್ಲಿ ನಿಂತು ಹೇಳಿದರು. 1973ರ ನವೆಂಬರಿನಲ್ಲಿ ನ್ಯಾಯಮೂರ್ತಿ ಮಲೂಫ್ ಕಾಮಗಾರಿಗೆ ತಡೆ ಕೊಟ್ಟರು. ಒಂದೇ ವಾರದಲ್ಲಿ ಮೇಲಿನ ನ್ಯಾಯಾಲಯ ಅದನ್ನು ತೆರವು ಮಾಡಿತು. ಆದರೂ ಮಾತುಕತೆಗೆ ಕೂರದೆ ಸರ್ಕಾರಕ್ಕೆ ದಾರಿಯಿರಲಿಲ್ಲ. 1975ರ ಒಪ್ಪಂದದಲ್ಲಿ ‘ಕ್ರೀ ಟ್ರ್ಯಾಪ್‌ಲೈನ್’, ‘ಕ್ರೀ ಟ್ಯಾಲಿಮನ್’ ಎಂಬ ಪದಗಳು ಕಾನೂನಿನ ಪದಗಳಾದವು. ವರ್ಷದಲ್ಲಿ ನಿಗದಿತ ದಿನಗಳನ್ನು ಕಾಡಿನಲ್ಲಿ ಬೇಟೆಯಲ್ಲಿ ಕಳೆಯುವ ಕುಟುಂಬಗಳಿಗೆ ದಿನದ ಲೆಕ್ಕದಲ್ಲಿ ಹಣ ಕೊಡುವ ಯೋಜನೆಯೂ ಬಂತು.

ಆ ಹಣ ಸಕಾಲಕ್ಕೇ ಬಂದಿತ್ತು. 1980ರ ದಶಕದ ಕೊನೆಯಲ್ಲಿ ತುಪ್ಪಳದ ಮಾರುಕಟ್ಟೆ ಕುಸಿಯಿತು. ಇಂದು ಕೆನಡಾದ ಬಹುತೇಕ ಬೇಟೆಗಾರರಿಗೆ ಇದು ಬೇರೆ ಕೆಲಸದ ಜೊತೆಗಿನ ಉಪಸಂಪಾದನೆ. ಬೋನು, ಪೆಟ್ರೋಲು, ಹಿಮಬಂಡಿಯ ಖರ್ಚು ಕಳೆದರೆ ಉಳಿಯುವುದು ಅಷ್ಟಕ್ಕಷ್ಟೆ. ಎಲ್ಲವನ್ನೂ ಶುರುಮಾಡಿದ ಹಡ್ಸನ್ಸ್ ಬೇ ಕಂಪನಿ 355 ವರ್ಷಗಳ ನಂತರ, 2025ರ ಜೂನ್‌ನಲ್ಲಿ, ಕೊನೆಯ ಮಳಿಗೆಗಳ ಬಾಗಿಲು ಹಾಕಿತು.

ರೂಪರ್ಟ್ ಹೌಸ್‌ಗೆ ಈಗ ವಾಸ್ಕಗಾನಿಶ್ ಎಂಬ ಕ್ರೀ ಹೆಸರು. ಆ ಊರಿನ ನದಿಯ ನೀರಿನ ದೊಡ್ಡ ಪಾಲನ್ನು, ಊರಿನವರ ವಿರೋಧದ ನಡುವೆಯೂ, 2009ರಲ್ಲಿ ವಿದ್ಯುತ್ ಯೋಜನೆಗೆ ತಿರುಗಿಸಲಾಯಿತು. ಬೀವರ್‌ಗಳು ಈಗ ಸಾಕಷ್ಟಿವೆ. ಟ್ಯಾಲಿಮನ್ ಪಟ್ಟ ಇಂದಿಗೂ ಹಿರಿಯರಿಂದ ಕಿರಿಯರಿಗೆ ಬರುತ್ತಿದೆ.